ಕಿವಿಯ ಯಂತ್ರಕ್ಕೆ ಕಣ್ಣಿನ ಹಂಗೇಕೆ?

ಸಂಗೀತವನ್ನು ಆಲಿಸುವುದಕ್ಕೆ ಕಣ್ಣು ಬೇಕಾಗಿಲ್ಲವೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ಗಾಯನ ನಡೆದಿರುವಾಗ ಕಣ್ಣುಳ್ಳವರೂ ಕಣ್ಣು ಮುಚ್ಚಿ ತಲೆದೂಗುವುದುಂಟು. ಹೀಗಿರುವಾಗ, ಸಂಗೀತವನ್ನು ಕೇಳಿಸುವುದೊಂದೇ ತನ್ನ ಕೆಲಸವಾಗಿರುವ ಕಿಸೆಯ ಯಂತ್ರವು ಅಂಧರ ಕೈಗೆ ಬಂದೊಡನೆ ನಿರುಪಯುಕ್ತವಾಗುವುದು ಏಕೆ? ಈ ಪ್ರಶ್ನೆಯನ್ನು ನಾವು ಯಾವ ಗ್ರಂಥದಿಂದಲೂ ಎತ್ತಿಕೊಂಡುದಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯಲ್ಲಿ, ನಮ್ಮ ಸೋದರಮಾವನವರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದಾಗ ಅದು ನಮಗೆ ಎದುರಾಯಿತು.

ಕದರಮಂಡಲಗಿ ಎಂದೊಡನೆ ಸುತ್ತಣ ಸೀಮೆಯವರಿಗೆ ನೆನಪಾಗುವುದು ಕಾಂತೇಶನೆಂದು ಹೆಸರಾದ ಆಂಜನೇಯನ ಗುಡಿ. ತಾಲ್ಲೂಕಿನ ಮುಖ್ಯ ಊರಾದ ಬ್ಯಾಡಗಿಯನ್ನಂತೂ ಅದರ ಕೆಂಪು ಮೆಣಸಿನಕಾಯಿಯಿಂದ ದೇಶವೆಲ್ಲ ಬಲ್ಲದು. ಮಾವನವರು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. ಗ್ಲಾಕೋಮಾ ಎಂಬ ವ್ಯಾಧಿಯಿಂದ ಅವರ ದೃಷ್ಟಿನರಗಳು ವರ್ಷವರ್ಷಕ್ಕೆ ಕ್ಷೀಣಿಸಿ, ಈಗ ಹತ್ತು ವರ್ಷಗಳಿಂದ ಹಗಲಿರುಳುಗಳ ಭೇದವೊಂದನ್ನು ಬಿಟ್ಟರೆ ಮತ್ತೇನೂ ಅವರಿಗೆ ತೋರದು. ಓದು ತಪ್ಪಿಹೋದ ಮೇಲೆ ಸಂಗೀತವೇ ಅವರ ದಿನದ ಸಂಗಾತಿಯಾಗಿದೆ.

ಮೊದಲು ಅವರ ಬಳಿ ಇದ್ದುದು ರೇಡಿಯೋ. ಧಾರವಾಡದ ಆಕಾಶವಾಣಿಯು ೧೯೫೦ರ ಜನವರಿ ೮ರಂದು ಆರಂಭವಾದುದು. ಆ ಸೀಮೆಯ ಹಲವು ತಲೆಮಾರುಗಳ ಕಿವಿ ಅದರಿಂದ ಹದಗೊಂಡಿದೆ. ರೇಡಿಯೋದ ಎಡಗಡೆಯ ಗುಂಡಿಯನ್ನು ತಿರುಗಿಸಿದರೆ ‘ಟಕ್’ ಎಂದು ಚಾಲೂ ಆಗುವುದು, ಇನ್ನಷ್ಟು ತಿರುಗಿಸಿದರೆ ಧ್ವನಿ ಏರುವುದು. ಬಲಗಡೆಯದು ನಿಲಯವನ್ನು ಹುಡುಕುವುದಕ್ಕೆ. ಆಮೇಲೆ ಕ್ಯಾಸೆಟ್ ಯಂತ್ರ ಬಂದಿತು. ಫಿಲಿಪ್ಸ್ ಸಂಸ್ಥೆಯವರು ೧೯೬೩ರಲ್ಲಿ ಹೊರತಂದ ಆ ಪುಟ್ಟ ಕ್ಯಾಸೆಟ್ಟನ್ನು ೧೯೭೯ರಲ್ಲಿ ಸೋನಿಯವರ ವಾಕ್‌ಮನ್ ಕಿಸೆಗೆ ಇಳಿಸಿತಷ್ಟೆ. ಅದರ ಗುಂಡಿಯನ್ನು ಅದುಮಿದರೆ ಅದು ಒಳಗೇ ಕುಳಿತಿರುತ್ತಿತ್ತು. ಬೆರಳಾಡಿಸಿದರೆ ಸಾಕು, ಯಂತ್ರ ಹಾಡುತ್ತಿದೆಯೊ ನಿಂತಿದೆಯೊ ತಿಳಿಯುತ್ತಿತ್ತು. ಕ್ಯಾಸೆಟ್ಟುಗಳಿಗೆ ಮಾವನವರು ದಾರ ಕಟ್ಟಿದ್ದರು. ಒಂದು ಗಂಟಿದ್ದರೆ ದಾಸರ ಪದ, ಎರಡು ಗಂಟಿದ್ದರೆ ಮಲ್ಲಿಕಾರ್ಜುನ ಮನ್ಸೂರರ ಗಾಯನ, ಮೂರಿದ್ದರೆ ಗಂಗೂಬಾಯಿ ಹಾನಗಲ್ಲರದು. ಬೇಕಾದುದನ್ನು ಯಾರನ್ನೂ ಕೇಳದೆ ತೆಗೆದು ಹಾಕಿಕೊಳ್ಳುತ್ತಿದ್ದರು.

ಕ್ಯಾಸೆಟ್ಟಿನ ಕಾಲ ಮುಗಿಯಿತು. ಮೊಮ್ಮಗನು ಅಜ್ಜನ ಮೇಲಣ ಪ್ರೀತಿಯಿಂದ ಸಂತೆಪೇಟೆಯಲ್ಲಿ ಒಂದು ಹೊಸ ಯಂತ್ರವನ್ನು ಕೊಂಡು ತಂದನು. ಅಂಗೈಯಗಲದ ಪೆಟ್ಟಿಗೆ, ಅದರ ಬದಿಯಲ್ಲಿ ಉಗುರಿನಷ್ಟು ಗಾತ್ರದ ಮೆಮೊರಿ ಕಾರ್ಡು, ಮೇಲೆ ಐದು ಗುಂಡಿಗಳು, ಐದಕ್ಕೂ ಒಂದೇ ಆಕಾರ, ಒಂದೇ ನುಣುಪು. ಕಾರ್ಡಿನ ತುಂಬ ಹಾಡುಗಳನ್ನು ತುಂಬಿಸಿ ಕೊಟ್ಟಿದ್ದನು. ತಿಂಗಳ ಮೇಲೆ ನಾವು ಹೋದಾಗ ಆ ಯಂತ್ರ ಗೂಡಿನಲ್ಲಿ ಧೂಳು ಹಿಡಿದಿತ್ತು. ಏಕೆಂದು ಕೇಳಿದೆವು. ಮಾವನವರು ಹೇಳಿದರು: “ಹಾಡು ಎಲ್ಲಾ ಇದರಾಗ ಅದಾವ ಅಂತಾರ ತಮ್ಮಾ, ಖರೆ. ಆದ್ರ ಯಾವುದು ಎಲ್ಲೈತಿ ಅಂತ ಇದು ಹೇಳಂಗಿಲ್ಲ. ಮನಿ ಕೊಟ್ಟು ಕೀಲಿಕೈ ಕೊಡದಂಗ ಆತು.”

ಈ ಮಾತು ಎಷ್ಟು ಸತ್ಯವೆಂಬುದನ್ನು ವಿದ್ಯಾರ್ಥಿಮಿತ್ರರು ಲೆಕ್ಕ ಹಾಕಿಯೇ ನೋಡಬಹುದು. ಎಂಪಿ೩ ಎಂಬ ಕ್ರಮದಲ್ಲಿ, ನಮ್ಮ ಕಿವಿಗೆ ಹೇಗೂ ಗೊತ್ತಾಗದ ಅಂಶಗಳನ್ನು ಕೈಬಿಟ್ಟು ಧ್ವನಿಯನ್ನು ಸಂಕ್ಷೇಪಿಸುತ್ತಾರೆ. ಸಾಧಾರಣ ಮಟ್ಟದ ಮುದ್ರಣದಲ್ಲಿ ಒಂದು ಸೆಕೆಂಡಿಗೆ ೧,೨೮,೦೦೦ ಬಿಟ್, ಎಂದರೆ ೧೬,೦೦೦ ಬೈಟ್ ಸಾಕು. ೮ ಗಿಗಾಬೈಟಿನ ಕಾರ್ಡಿನಲ್ಲಿ ೮೦೦ ಕೋಟಿ ಬೈಟುಗಳಿಗೆ ಸ್ಥಳವಿದೆ. ಭಾಗಿಸಿದರೆ ೫ ಲಕ್ಷ ಸೆಕೆಂಡು, ಸುಮಾರು ೧೩೯ ಗಂಟೆಗಳ ಸಂಗೀತವಾಯಿತು. ಹಾಡಿಗೆ ಐದು ನಿಮಿಷವೆಂದು ಹಿಡಿದರೆ ೧,೬೦೦ಕ್ಕೂ ಮಿಕ್ಕಿದ ಹಾಡುಗಳು! ಒಂದು ಗಂಟೆಯ ಕ್ಯಾಸೆಟ್ಟುಗಳನ್ನು ಪೇರಿಸಿದ್ದರೆ ಒಂದು ಕಪಾಟೇ ಬೇಕಾಗುತ್ತಿತ್ತು.

ಈಗ ಆ ೧,೬೦೦ರಲ್ಲಿ ಒಂದನ್ನು ಹುಡುಕಬೇಕು. ಕಣ್ಣುಳ್ಳವನು ಪರದೆಯ ಮೇಲೆ ಹೆಸರುಗಳ ಪಟ್ಟಿಯನ್ನು ಓಡಿಸಿ ಕ್ಷಣದಲ್ಲಿ ಕಂಡುಕೊಳ್ಳುತ್ತಾನೆ. ಅಂಧನು ‘ಮುಂದೆ’ ಎಂಬ ಗುಂಡಿಯನ್ನು ಒತ್ತುತ್ತ ಹೋಗಬೇಕು. ಸರಾಸರಿ ೮೦೦ ಸಲ. ಪ್ರತಿ ಸಲವೂ ಹಾಡಿನ ಗುರುತು ಹತ್ತುವುದಕ್ಕೆ ಮೂರು ಸೆಕೆಂಡು ಬೇಕೆಂದರೂ ೨,೪೦೦ ಸೆಕೆಂಡು, ನಲವತ್ತು ನಿಮಿಷ. ಐದು ನಿಮಿಷದ ಹಾಡಿಗೆ ನಲವತ್ತು ನಿಮಿಷದ ಹುಡುಕಾಟ! ಅದೇ ಹಾಡುಗಳನ್ನು ನಲವತ್ತರಂತೆ ನಲವತ್ತು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನ ಹೆಸರನ್ನು ಯಂತ್ರವೇ ಉಚ್ಚರಿಸುವಂತೆ ಮಾಡಿದ್ದರೆ ಏನಾಗುತ್ತಿತ್ತು? ಗುಂಪನ್ನು ಹುಡುಕಲು ಸರಾಸರಿ ೨೦ ಒತ್ತು, ಅದರೊಳಗಣ ಹಾಡಿಗೆ ೨೦ ಒತ್ತು. ಒಟ್ಟು ಎರಡೇ ನಿಮಿಷ. ನಲವತ್ತು ಹೆಸರುಗಳನ್ನು ಎರಡೆರಡು ಸೆಕೆಂಡುಗಳಂತೆ ಮುದ್ರಿಸಿಟ್ಟರೆ ಅವು ಆಕ್ರಮಿಸುವ ಸ್ಥಳ ಒಂದು ಹಾಡಿನ ಮೂರರಲ್ಲೊಂದು ಭಾಗವನ್ನೂ ಮೀರುಗಾಣೆ ಮೀರುವುದಿಲ್ಲ. ಇಷ್ಟು ಅಲ್ಪ ವೆಚ್ಚದ ಕೆಲಸವನ್ನು ಮಾಡದಿರುವುದನ್ನು ಬಡತನವೆನ್ನಲಾಗದು, ಅಲಕ್ಷ್ಯವೆನ್ನಬೇಕು.

ಇನ್ನೊಂದು ತೊಡಕು ಹೆಸರಿಗಿಂತಲೂ ಸೂಕ್ಷ್ಮವಾದುದು. ಹಳೆಯ ರೇಡಿಯೋದ ಗುಂಡಿ ತಾನಿರುವ ಸ್ಥಾನದಿಂದಲೇ ತನ್ನ ಸ್ಥಿತಿಯನ್ನು ತಿಳಿಸುತ್ತಿತ್ತು. ಹೊಸ ಯಂತ್ರದ ಗುಂಡಿ ಒತ್ತಿದೊಡನೆ ಮೊದಲಿನಂತೆಯೇ ಮೇಲೆದ್ದು ನಿಲ್ಲುತ್ತದೆ. ನಡೆದುದಾವುದನ್ನೂ ಅದು ಹೇಳದು. ಸಾಲದುದಕ್ಕೆ ಒಂದೇ ಗುಂಡಿಗೆ ಎರಡು ಕೆಲಸ: ತಟ್ಟಿ ಬಿಟ್ಟರೆ ಮುಂದಿನ ಹಾಡು, ಒತ್ತಿ ಹಿಡಿದರೆ ಧ್ವನಿಯ ಏರಿಕೆ. ಮತ್ತೊಂದು ಗುಂಡಿಯನ್ನು ಒಮ್ಮೆ ಒತ್ತಿದರೆ ಕಾರ್ಡು, ಮತ್ತೊಮ್ಮೆ ಒತ್ತಿದರೆ ಎಫ್‌ಎಂ ರೇಡಿಯೋ, ಮೂರನೆಯ ಸಲ ಬ್ಲೂಟೂತ್. ಕಣ್ಣುಳ್ಳವನಿಗೆ ಪುಟ್ಟ ದೀಪವೊಂದು ಬಣ್ಣ ಬದಲಿಸಿ ಇದನ್ನು ತಿಳಿಸುತ್ತದೆ. ಅಂಧನು ಎಣಿಕೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎಣಿಕೆ ಒಮ್ಮೆ ತಪ್ಪಿತೆಂದರೆ ತಾನು ಎಲ್ಲಿ ತಪ್ಪಿದೆನೆಂಬುದನ್ನು ಅರಿಯುವ ಉಪಾಯವೇ ಅವನಿಗಿಲ್ಲ. ಮಾವನವರ ಯಂತ್ರ ಧೂಳು ಹಿಡಿದುದಕ್ಕೆ ಇದೇ ಮುಖ್ಯ ಕಾರಣವೆಂದು ನಾವು ಎಣಿಸುತ್ತೇವೆ.

ವಿನೋದವೆಂದರೆ, ಆ ಯಂತ್ರಕ್ಕೆ ಮಾತು ಬಾರದೆ ಇಲ್ಲ! ಬ್ಲೂಟೂತಿನ ಸ್ಥಿತಿಗೆ ಬಂದೊಡನೆ ಅದು ಇಡೀ ಓಣಿಗೆ ಕೇಳುವಂತೆ ಇಂಗ್ಲಿಷಿನಲ್ಲಿ ತಾನು ಸಿದ್ಧವೆಂದು ಕೂಗಿಕೊಳ್ಳುತ್ತದೆ. ಕೂಗಲು ಗಂಟಲಿದೆ, ನೆನಪಿಡಲು ಸ್ಥಳವಿದೆ. ಹೇಳಬೇಕಾದುದನ್ನು ಮಾತ್ರ ಹೇಳಿಕೊಟ್ಟಿಲ್ಲ. ಧ್ವನಿಯನ್ನು ಸೇರಿಸಿದರೆ ಬೆಲೆ ಹೆಚ್ಚುತ್ತದೆಯೆಂಬ ತಯಾರಕರ ವಾದವನ್ನು ಈ ಕೂಗೇ ಖಂಡಿಸುತ್ತದೆ.

ಚರಿತ್ರೆಯನ್ನು ನೋಡಿದರೆ ನಮ್ಮ ಆಶ್ಚರ್ಯ ಇಮ್ಮಡಿಸುತ್ತದೆ. ಎಡಿಸನ್ ೧೮೭೭ರಲ್ಲಿ ಫೊನೊಗ್ರಾಫನ್ನು ನಿರ್ಮಿಸಿದನು. ಮರುವರ್ಷವೇ ಅದರ ಉಪಯೋಗಗಳನ್ನು ಪಟ್ಟಿ ಮಾಡಿ ಬರೆದಾಗ ಎರಡನೆಯ ಸ್ಥಾನದಲ್ಲಿ ಅವನು ಇಟ್ಟುದು ಅಂಧರಿಗಾಗಿ ಮಾತನಾಡುವ ಪುಸ್ತಕವನ್ನು. ಸಂಗೀತದ ಸರದಿ ಅದಕ್ಕಿಂತ ಕೆಳಗೆ. ಅಮೆರಿಕದಲ್ಲಿ ೧೯೩೪ರಿಂದ ಅಂಧ ಓದುಗರಿಗೆ ಹಂಚತೊಡಗಿದ ‘ಮಾತಿನ ಪುಸ್ತಕ’ಗಳು ನಿಮಿಷಕ್ಕೆ ೩೩⅓ ಸುತ್ತು ತಿರುಗುವ ದೀರ್ಘಕಾಲದ ತಟ್ಟೆಗಳಾಗಿದ್ದವು. ಅಂತಹ ತಟ್ಟೆಗಳು ಸಾಮಾನ್ಯ ಮಾರುಕಟ್ಟೆಯಲ್ಲಿ ನೆಲೆಗೊಂಡದ್ದು ೧೯೪೮ರ ಅನಂತರ. ಎಂದರೆ ಅಂಧರು ಈ ವಿದ್ಯೆಯ ಹಿತ್ತಿಲ ಬಾಗಿಲಲ್ಲಿ ಕಾದು ನಿಂತವರಲ್ಲ. ಹೆಬ್ಬಾಗಿಲಿನಿಂದ ಮೊದಲಿಗರಾಗಿ ಒಳಹೊಕ್ಕವರು. ಅವರನ್ನು ಹೊರಗೆ ತಳ್ಳಿದುದು ಪರದೆ.

೨೦೦೧ರಲ್ಲಿ ಆಪಲ್ ಸಂಸ್ಥೆಯ ಐಪಾಡ್ ಬಂದಿತು. ಅದರ ಮುಖದ ಮೇಲೆ ತಿರುಗುವ ಚಕ್ರವೊಂದಿತ್ತು. ಬೆರಳಿಗೆ ಬಹು ಹಿತವಾದುದು. ಆದರೆ ಚಕ್ರ ತಿರುಗಿದಾಗ ಜಾರುತ್ತಿದ್ದ ಪಟ್ಟಿ ಕಣ್ಣಿಗೆ ಮಾತ್ರ. ಅದೇ ವರ್ಷದ ಕೊನೆಯಲ್ಲಿ ಸ್ವೀಡನ್ನಿನ ಕೆಲವರು ಹವ್ಯಾಸಿಗಳಾಗಿ, ಆರ್ಕೋಸ್ ಎಂಬ ಬೇರೊಂದು ಯಂತ್ರಕ್ಕೆ ರಾಕ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವನ್ನು ಬರೆಯತೊಡಗಿದರು. ಅದು ಬೆಳೆದು ಹಲವು ಬಗೆಯ ಯಂತ್ರಗಳಿಗೆ ಹಬ್ಬಿತು. ಆಯ್ಕೆಗಳ ಹೆಸರನ್ನೂ ಹಾಡುಗಳ ಹೆಸರನ್ನೂ ಗಟ್ಟಿಯಾಗಿ ಹೇಳುವ ಶಕ್ತಿ ಅದಕ್ಕೆ ಬಂದಿತು. ನಮಗೆ ಮೆಚ್ಚಿಕೆಯಾದ ಸಂಗತಿಯೆಂದರೆ, ಪ್ರತಿಯೊಂದು ಗುಂಪಿಗೂ ನಾವೇ ಮಾತನಾಡಿ ಮುದ್ರಿಸಿದ ಚಿಕ್ಕ ತುಣುಕೊಂದನ್ನು ಅದಕ್ಕೆ ಜೋಡಿಸಬಹುದು. ಕನ್ನಡ ಬಾರದ ಯಂತ್ರದಿಂದ ಕನ್ನಡ ನುಡಿಸಲು ಇದಕ್ಕಿಂತ ಸುಲಭವಾದ ಮಾರ್ಗವುಂಟೆ? ಕಾರ್ಖಾನೆಗಳು ಮಾಡದುದನ್ನು ಬಿಡುವಿನ ವೇಳೆಯಲ್ಲಿ ಕೆಲವರು ಮಾಡಿದರು.

ಆಪಲ್ಲಿನವರು ೨೦೦೮ರ ನ್ಯಾನೋ ಯಂತ್ರದಲ್ಲಿ ಪಟ್ಟಿಯನ್ನು ಉಚ್ಚರಿಸುವ ಏರ್ಪಾಡನ್ನು ತಂದರು. ೨೦೦೯ರ ಷಫಲ್ ಎಂಬ ಯಂತ್ರಕ್ಕೆ ಪರದೆಯೇ ಇರಲಿಲ್ಲ. ಆದ್ದರಿಂದ ಎಲ್ಲರಿಗೂ ಅದು ಹಾಡಿನ ಹೆಸರನ್ನು ಕಿವಿಯಲ್ಲೇ ಹೇಳಬೇಕಾಯಿತು. ಪರದೆ ಇಲ್ಲದಾಗ ಕಣ್ಣುಳ್ಳವರಿಗೆ ಮಾತು ಬೇಕಾಯಿತೆಂಬುದನ್ನು ವಾಚಕರು ಗಮನಿಸಬೇಕು. ಅದೇ ವರ್ಷ ಐಫೋನಿನ ಗಾಜಿನ ಮುಖಕ್ಕೂ ಮಾತು ಬಂದಿತು. ಆಂಡ್ರಾಯ್ಡ್ ಫೋನುಗಳಿಗೂ ‘ಟಾಕ್‌ಬ್ಯಾಕ್’ ಎಂಬ ಏರ್ಪಾಡು ಅದೇ ವರ್ಷದ್ದು. ಇಲ್ಲಿನ ಯುಕ್ತಿ ಸರಳವಾದರೂ ಸೊಗಸಾದುದು. ಸಾಮಾನ್ಯವಾಗಿ ಗಾಜನ್ನು ಮುಟ್ಟುವುದೂ ಆರಿಸುವುದೂ ಒಂದೇ ಕ್ರಿಯೆ. ಆದ್ದರಿಂದ ಅಂಧನು ಹುಡುಕಲು ಹೋದರೆ ಏನನ್ನಾದರೂ ಆರಿಸಿಬಿಟ್ಟಿರುತ್ತಾನೆ. ಈ ಎರಡನ್ನೂ ಬೇರ್ಪಡಿಸಿದರು. ಬೆರಳಾಡಿಸಿದರೆ ಅಡಿಯಲ್ಲಿರುವುದರ ಹೆಸರು ಕೇಳಿಸುತ್ತದೆ; ಎರಡು ಸಲ ತಟ್ಟಿದರೆ ಮಾತ್ರ ಅದು ಆಯ್ಕೆಯಾಗುತ್ತದೆ. ನಾವು ಗಾಜಿನ ವೈರಿಗಳೇನೂ ಅಲ್ಲ. ಮೂಕವಾದ ಗಾಜಿನ ವೈರಿಗಳು.

ಈ ವಿದ್ಯೆ ಮಾವನವರ ಮನೆಯಲ್ಲೇ ಇದ್ದಿತು, ಯಾರಿಗೂ ತಿಳಿಯದೆ. ಮೊಮ್ಮಗನು ಕೊಟ್ಟ ಫೋನಿನಲ್ಲಿ ಟಾಕ್‌ಬ್ಯಾಕ್ ಮೊದಲಿನಿಂದಲೂ ಅಡಗಿ ಕುಳಿತಿತ್ತು. ಮಾರಿದವನು ಹೇಳಿರಲಿಲ್ಲ, ಕೊಂಡವನು ಕೇಳಿರಲಿಲ್ಲ. ನಾವು ಉತ್ಸಾಹದಿಂದ ಅದನ್ನು ಚಾಲೂ ಮಾಡಿದೆವು. ಆರಿಸುವ ಬಗೆ ಮಾತ್ರ ನಮಗೂ ಅಭ್ಯಾಸವಿರಲಿಲ್ಲ. ಅಷ್ಟರಲ್ಲಿ ಯಾರದೋ ಕರೆ ಬಂದಿತು. ಮನೆಮಂದಿಯೆಲ್ಲ ಸರದಿಯಂತೆ ಗಾಜನ್ನು ತಿಕ್ಕಿದರೂ ಫೋನು ಎತ್ತಲಾಗಲಿಲ್ಲ. ಮಾವನವರು ನಕ್ಕು, “ಈಗ ನೀವೂ ನಾನೂ ಸರಿಸಮ ಆದ್ವಿ ನೋಡ್ರಿ” ಎಂದರು. ಬಳಿಕ ಹಾಡಿನ ಪಟ್ಟಿಯ ಮೇಲೆ ಬೆರಳಾಡಿಸಿದಾಗ ಇನ್ನೊಂದು ಪೇಚು. ಹಾಡುಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದುದರಿಂದ ಇಂಗ್ಲಿಷ್ ಧ್ವನಿ ಅದನ್ನು ತನ್ನ ರೀತಿಯಲ್ಲಿ ಓದಿತು. ‘ದಾಸರ ಪದ’ವು ‘ಡ್ಯಾಸರಾ ಪ್ಯಾಡಾ’ ಆಯಿತು. ಕನ್ನಡವನ್ನು ಓದುವ ಧ್ವನಿಗಳು ಈಗ ಫೋನಿನಲ್ಲಿಯೂ ಗಣಕದಲ್ಲಿಯೂ ಇವೆ. ಆದರೆ ಕನ್ನಡದ ಹಾಡಿಗೆ ಕನ್ನಡದ ಲಿಪಿಯಲ್ಲಿ ಹೆಸರಿಡುವ ಶ್ರಮವನ್ನು ನಾವು ತೆಗೆದುಕೊಳ್ಳದಿದ್ದರೆ ಆ ಧ್ವನಿಗಳಿಗೆ ಕೆಲಸವೇ ಇಲ್ಲ. ಈ ತಪ್ಪು ವಿದೇಶೀ ಕಾರ್ಖಾನೆಯದಲ್ಲ, ನಮ್ಮದು.

ಒಬ್ಬ ವೃದ್ಧರು ಹಾಡು ಕೇಳುವುದಕ್ಕೆ ಇಷ್ಟೆಲ್ಲ ಚರ್ಚೆ ಬೇಕೆ ಎಂದು ಯಾರಾದರೂ ಕೇಳಬಹುದು. ಬೇಕು. ಕದರಮಂಡಲಗಿಯಿರುವ ಹಾವೇರಿ ಜಿಲ್ಲೆಯಲ್ಲಿಯೇ, ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, ಗಾನಯೋಗಿ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಜನಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಅದೇ ಹಾನಗಲ್ ಸೀಮೆಯವರು. ಇಬ್ಬರೂ ಅಂಧರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೆ ಅನ್ನವಿಟ್ಟು ಸಂಗೀತವಿದ್ಯೆಯನ್ನು ಧಾರೆಯೆರೆದರು. ಅಲ್ಲಿನ ಪಾಠಕ್ರಮಕ್ಕೆ ಪುಸ್ತಕ ಆಧಾರವಲ್ಲ. ಗುರು ಹಾಡಿದುದನ್ನು ಶಿಷ್ಯನು ಕೇಳಿ, ಹಾಡಿ, ಮತ್ತೆ ಕೇಳಿ ಕಂಠಗತ ಮಾಡಿಕೊಳ್ಳಬೇಕು. ಗುರುವು ಎದುರಿಗಿಲ್ಲದಾಗ? ಒಂದು ತಾನಿನ ಎಂಟು ಸೆಕೆಂಡುಗಳನ್ನು ಇಪ್ಪತ್ತು ಸಲ ಹಿಂದಕ್ಕೆ ತಂದು ಕೇಳಬೇಕೆನಿಸಿದಾಗ? ಅಂತಹ ವಿದ್ಯಾರ್ಥಿಗೆ ಕಿಸೆಯ ಸಂಗೀತಯಂತ್ರವು ಕಾಲಕ್ಷೇಪದ ಆಟಿಕೆಯಲ್ಲ; ಅದೇ ಅವನ ನೋಟುಪುಸ್ತಕ. ನಿಲ್ಲಿಸಿದಲ್ಲಿಂದ ಮುಂದುವರಿಯದ, ಬೇಕಾದ ಭಾಗಕ್ಕೆ ಹಿಂದಿರುಗದ ಯಂತ್ರವು ಪುಟಗಳು ಅಂಟಿಕೊಂಡ ಪುಸ್ತಕದಂತೆ. ಸಂಗೀತವಲ್ಲದ ವಿದ್ಯೆಗಳ ಮಾತೂ ಹೀಗೆಯೇ. ಮುದ್ರಿತ ಪುಸ್ತಕವನ್ನು ಓದಲಾರದವರಿಗಾಗಿ ೨೦೧೬ರಲ್ಲಿ ನಮ್ಮ ದೇಶದಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರಜಾಲ ಗ್ರಂಥಾಲಯ ಆರಂಭವಾಯಿತು. ಪುಸ್ತಕ ದೊರೆತರೂ ಅದನ್ನು ಕೇಳಿಸುವ ಯಂತ್ರ ಕೈಗೆ ಒಗ್ಗದಿದ್ದರೆ ಫಲವೇನು?

ಅಂಧರಿಗೆಂದೇ ನಿರ್ಮಿಸಿದ ಯಂತ್ರಗಳು ಇಲ್ಲವೆ ಎಂದರೆ, ಇವೆ. ಕೆನಡಾದ ವಿಕ್ಟರ್ ರೀಡರ್ ಸ್ಟ್ರೀಮ್ ಅಂಥದೊಂದು. ಅಂಕಿಗುಂಡಿಗಳು, ಪ್ರತಿ ಒತ್ತಿಗೂ ಮಾತು, ಪುಸ್ತಕದಲ್ಲಿ ಗುರುತು ಇಡುವ ಅನುಕೂಲ ಎಲ್ಲವೂ ಅದರಲ್ಲುಂಟು. ಆದರೆ ಕೆಲವರಿಗಾಗಿ ತಯಾರಾಗುವ ವಸ್ತುವಿನ ಬೆಲೆ ಯಾವಾಗಲೂ ಹೆಚ್ಚು. ಅದು ಬ್ಯಾಡಗಿಯ ಅಂಗಡಿಗೆ ಬರುವುದಿಲ್ಲ, ಕೆಟ್ಟರೆ ರಾಣೆಬೆನ್ನೂರಿನಲ್ಲಿ ರಿಪೇರಿಯಾಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಬೇಕಾಗಿರುವುದು ಅಂಧರ ಯಂತ್ರವಲ್ಲ; ಅಂಧರೂ ಬಳಸಬಲ್ಲ ಎಲ್ಲರ ಯಂತ್ರ. ವಿಕಲಚೇತನರ ಹಕ್ಕುಗಳ ೨೦೧೬ರ ಕಾಯಿದೆಯ ೪೨ನೆಯ ಕಲಮು ಇದನ್ನೇ ಹೇಳುತ್ತದೆ: ದಿನಬಳಕೆಯ ವಿದ್ಯುನ್ಮಾನ ಉಪಕರಣಗಳು ಎಲ್ಲರಿಗೂ ಒಗ್ಗುವ ವಿನ್ಯಾಸದಲ್ಲಿ ದೊರೆಯುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು. ಗುಂಡಿಗಳ ಮೇಲೆ ಬೆರಳಿಗೆ ತಿಳಿಯುವ ಉಬ್ಬುಚುಕ್ಕೆಗಳನ್ನು ಹೇಗೆ ಇಡಬೇಕೆಂಬುದಕ್ಕೆ ೨೦೧೧ರಿಂದ ಐಎಸ್ಒ ೨೪೫೦೩ ಎಂಬ ಅಂತರರಾಷ್ಟ್ರೀಯ ಮಾನಕವೂ ಇದೆ. ಅಚ್ಚಿನಲ್ಲಿ ಒಮ್ಮೆ ಒಂದು ಕುಳಿ ಕೊರೆದರೆ ಮುಂದಿನ ಲಕ್ಷ ಯಂತ್ರಗಳಿಗೂ ಚುಕ್ಕೆ ತಾನಾಗಿ ಮೂಡುತ್ತದೆ. ಹಳೆಯ ಫೋನುಗಳ ೫ರ ಗುಂಡಿಯ ಮೇಲೆ ಅದನ್ನು ವಾಚಕರೇ ಮುಟ್ಟಿ ಕಂಡಿರಬಹುದು.

ವಿದ್ಯಾರ್ಥಿಗಳು ತಮ್ಮ ಮನೆಯ ಯಂತ್ರವನ್ನು ಪರೀಕ್ಷಿಸಬಯಸಿದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ನಿರ್ದಿಷ್ಟವಾದ ಹಾಡೊಂದನ್ನು ಹುಡುಕಿ ನೋಡಲಿ. ಒಂದು ಎಚ್ಚರಿಕೆ: ಅರ್ಧ ಗಂಟೆ ಬಟ್ಟೆ ಕಟ್ಟಿಕೊಂಡ ಮಾತ್ರಕ್ಕೆ ಅಂಧರ ಬಾಳು ತಮಗೆ ತಿಳಿಯಿತೆಂದು ಭಾವಿಸಬಾರದು. ಪರೀಕ್ಷೆಯಾಗುವುದು ಯಂತ್ರಕ್ಕೆ.

ಮಾವನವರಿಗಾಗಿ ನಾವು ಕೊನೆಗೆ ಮಾಡಿದುದನ್ನೂ ಹೇಳಿಬಿಡುತ್ತೇವೆ. ಅನುಕೂಲವೆನಿಸಿದರೆ ಯಾರಾದರೂ ಅನುಸರಿಸಬಹುದು. ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗುಂಡಿಗಳಿರುವ ಅಗ್ಗದ ಯಂತ್ರಗಳೂ ಸಂತೆಗಳಲ್ಲಿ ದೊರೆಯುತ್ತವೆ. ೧೫೨ ಎಂದು ಒತ್ತಿದರೆ ನೇರವಾಗಿ ೧೫೨ನೆಯ ಹಾಡೇ ಬರುತ್ತದೆ. ಅಂಥದೊಂದನ್ನು ಕೊಂಡು ೫ರ ಗುಂಡಿಯ ಮೇಲೆ ಉಗುರುಬಣ್ಣದ ಹನಿಯೊಂದನ್ನು ಇಟ್ಟು ಒಣಗಿಸಿದೆವು. ಹಾಡುಗಳನ್ನು ಐವತ್ತೈವತ್ತರ ಗುಂಪು ಮಾಡಿದೆವು. ೧, ೫೧, ೧೦೧, ೧೫೧, ಹೀಗೆ ಪ್ರತಿ ಗುಂಪಿನ ಮೊದಲಲ್ಲಿ ಹಾಡಲ್ಲ, ಆ ಗುಂಪಿನ ಹಾಡುಗಳ ಹೆಸರನ್ನೂ ಸಂಖ್ಯೆಯನ್ನೂ ಹೇಳುವ ಮಾತಿನ ಪಟ್ಟಿ. ಪಟ್ಟಿಯನ್ನು ಓದಿದವಳು ಅವರ ಮೊಮ್ಮಗಳು, ಎಂಟನೆಯ ತರಗತಿಯವಳು. ಇಲ್ಲೊಂದು ಸೂಕ್ಷ್ಮವಿದೆ. ಇಂತಹ ಯಂತ್ರಗಳಲ್ಲಿ ಹಲವು, ಹಾಡುಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ಎಣಿಸದೆ, ಕಾರ್ಡಿಗೆ ನಕಲು ಮಾಡಿದ ಕ್ರಮದಲ್ಲಿ ಎಣಿಸುತ್ತವೆ. ಆದ್ದರಿಂದ ಖಾಲಿ ಕಾರ್ಡಿಗೆ ಒಂದಾದ ಮೇಲೊಂದರಂತೆ ಕ್ರಮ ತಪ್ಪದೆ ನಕಲು ಮಾಡಬೇಕು. ಮುನ್ನೂರು ಹಾಡುಗಳಿಗೆ ನಮಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು.

ಕಳೆದ ವಾರ ಮಾವನವರು ಫೋನು ಮಾಡಿದ್ದರು. ೧೫೧ ಒತ್ತಿದರೆ ಪಟ್ಟಿಯ ಬದಲು ಹಾಡು ಬರುತ್ತದೆಯಂತೆ. ಅವರೇ ಅದರ ಮೂಲವನ್ನು ಹುಡುಕಿದ್ದರು: ಮೊದಲು ೭೫ ಒತ್ತಿ ನೋಡಿದರು, ಸರಿಯಾಗಿತ್ತು, ೧೧೩ ಸರಿ, ೧೩೨ ತಪ್ಪು, ಹೀಗೆ ಅರ್ಧರ್ಧವಾಗಿ ಒಡೆಯುತ್ತ ಹೋಗಿ ೧೨೦ರವರೆಗೆ ಸರಿ, ೧೨೧ರಿಂದ ಎಲ್ಲವೂ ಒಂದೊಂದು ಸ್ಥಾನ ಹಿಂದೆ ಸರಿದಿವೆ ಎಂದು ನಿರ್ಧರಿಸಿದ್ದರು. ೧೨೧ನೆಯ ಹಾಡು ನಕಲಾಗುವಾಗ ಕೆಟ್ಟು, ಯಂತ್ರ ಅದನ್ನು ಎಣಿಕೆಗೆ ಹಿಡಿದಿಲ್ಲವೆಂದು ತೋರುತ್ತದೆ. ಮುಂದಿನ ತಿಂಗಳು ಕದರಮಂಡಲಗಿಗೆ ಹೋಗುವಾಗ ನಾವು ಗಣಕವನ್ನೂ ಜೊತೆಗೆ ಒಯ್ಯಬೇಕಾಗಿದೆ.